ಖಟ್‌ಖಟ್ ವಕೀಲರ ಬಲಗಾಲು

ನಾನು ಒಂದು ಕಾಲು. ಮೊಣಕಾಲಿನ ಕೆಳಗಿನ ಬಲಗಾಲು. ಮರ, ತೊಗಲು, ಉಕ್ಕು, ರಬ್ಬರು ಸೇರಿ ಆದ ಮೈ ನನ್ನದು. ಲೋಕದ ಕಾಲುಗಳೆಲ್ಲ ತಾಯಿಯ ಹೊಟ್ಟೆಯಿಂದ ಜೋಡಿಯಾಗಿ ಬರುತ್ತವೆ. ನಾನು ಒಂಟಿಯಾಗಿ ಬಂದೆ. ನನ್ನ ಜೋಡಿ ನನಗಿಂತ ಇಪ್ಪತ್ತಾರು ವರ್ಷಕ್ಕೆ ಹಿರಿಯದು.

ನಾನು ಹುಟ್ಟಿದ್ದು ಪುಣೆಯಲ್ಲಿ, ಸೈನಿಕರಿಗೆ ಕೈಕಾಲು ಮಾಡಿಕೊಡುವ ಜಾಗದಲ್ಲಿ. ಅಲ್ಲಿ ಗೋಡೆಯುದ್ದಕ್ಕೂ ಗೂಟಗಳು, ಗೂಟಗಳಿಗೆ ತೂಗುಬಿದ್ದ ಕಾಲುಗಳು. ಗಾಳಿ ಬಂದರೆ ಒಂದಕ್ಕೊಂದು ತಾಗಿ ಟೊಕ್ ಟೊಕ್ ಎನ್ನುತ್ತಿದ್ದವು. ಬೇರೆ ಅಂಗಡಿಗಳಲ್ಲಿ ಮದುವೆಯ ತಿಂಗಳು ಬಂದರೆ ಕೆಲಸ ಹೆಚ್ಚು. ನಮ್ಮಲ್ಲಿ ಎಲ್ಲೋ ದೂರದ ನೆಲದಲ್ಲಿ ಸದ್ದಾದರೆ ಕೆಲಸ ಹೆಚ್ಚು. ಆ ವರ್ಷ ಲಂಕೆಯಿಂದ ಸುದ್ದಿ ಬರುತ್ತಲೇ ಇತ್ತು, ಗೂಟ ಒಂದೂ ಖಾಲಿ ಇರಲಿಲ್ಲ. ನನ್ನನ್ನು ಕೆತ್ತಿದ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಕೆತ್ತುವುದನ್ನು ಆಗಾಗ ನಿಲ್ಲಿಸಿ ನನ್ನೊಳಗಿನ ಟೊಳ್ಳಿಗೆ ಕೈಹಾಕಿ ಸವರಿ ನೋಡುತ್ತಿದ್ದ. ನನ್ನ ಮೈಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಟೊಳ್ಳೇ. ಕಡಿದುಹೋದ ಬದುಕೊಂದು ಬಂದು ಕೂರಬೇಕಾದ ಜಾಗ ಅದು.

ನನ್ನ ಒಡೆಯರ ಹೆಸರು ಅಡಿವೆಪ್ಪ ಉಳ್ಳಾಗಡ್ಡಿ. ಬೆಳಗಾವಿ ಸೀಮೆಯ ಗುಡಗನಟ್ಟಿ ಅವರ ಊರು. ಲಂಕೆಯ ಒಂದು ತೆಂಗಿನ ತೋಪಿನಲ್ಲಿ ಮುಂದಿನವನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ ಹೋಗುತ್ತಿದ್ದರಂತೆ. ಒಂದು ಹೆಜ್ಜೆ ಬೆರಳಿನಷ್ಟು ಆಚೆ, ಹೂತಿಟ್ಟ ಬಾಂಬಿನ ಮೇಲೆ ಬಿತ್ತು. ನನ್ನನ್ನು ತಂದು ಮುಂದಿಟ್ಟಾಗ ಅವರು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಪಕ್ಕದ ಹಾಸಿಗೆಯವನ ಕಡೆ ತಿರುಗಿ, "ಹನುಮಪ್ಪ ಲಂಕಾಕ್ಕ ಹೋಗಿ ಬಾಲ ಸುಟ್ಕೊಂಡ, ನಾ ಕಾಲ ಸುಟ್ಕೊಂಡೆ" ಎಂದರು. ಆ ವಾರ್ಡಿನಲ್ಲಿ ಕನ್ನಡ ತಿಳಿಯುತ್ತಿದ್ದವನು ಅವನೊಬ್ಬನೇ. ಅವನು ನಕ್ಕ. ಉಳಿದವರು ಅವನು ನಕ್ಕದ್ದನ್ನು ನೋಡಿ ನಕ್ಕರು.

ಎಡಗಾಲು ಮಾತ್ರ ನಗಲಿಲ್ಲ. ಅಗಲ ಪಾದ, ಒಡೆದ ಹಿಮ್ಮಡಿ, ಎರೆಹೊಲ ತುಳಿದು ಬೆಳೆದ ಕಾಲು ಅದು. ಮೊದಲ ಕೆಲವು ತಿಂಗಳು ನನ್ನನ್ನು ಸವತಿಯನ್ನು ನೋಡಿದಂತೆ ನೋಡಿತು. ನನ್ನ ಮೇಲೆ ಭಾರ ಬೀಳುವ ಮೊದಲೇ ಅವಸರದಿಂದ ತಾನೇ ಮುಂದೆ ಹೋಗುತ್ತಿತ್ತು. ಬರಬರುತ್ತ ಒಗ್ಗಿತು. ಒಂದೇ ಮೈಗೆ ದುಡಿಯುವವರ ನಡುವೆ ಮುನಿಸು ಎಷ್ಟು ದಿನ ನಡೆದೀತು.

ಊರಿಗೆ ಬಂದ ದಿನ ಅವರ ತಾಯಿ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ದೂರದಿಂದ ಬಂದವರ ಕಾಲಿಗೆ ನೀರು ಕೊಡುವುದು ಆ ಕಡೆಯ ರೀತಿ. ಎಡಗಾಲಿಗೆ ಸುರಿದರು. ನನ್ನ ಹತ್ತಿರ ಬಂದಾಗ ಕೈ ತಡೆಯಿತು. ನೀರು ಬಿದ್ದರೆ ಮರ ಉಬ್ಬುತ್ತದೆ, ಕೀಲು ತುಕ್ಕು ಹಿಡಿಯುತ್ತದೆ ಎಂದು ಪುಣೆಯಲ್ಲಿ ಸಾರಿ ಸಾರಿ ಹೇಳಿ ಕಳಿಸಿದ್ದರು. ಒಡೆಯರು ಅದನ್ನು ಬಾಯಿಬಿಡಲಿಲ್ಲ. "ಇದಕ್ಕೂ ಹಾಕವಾ" ಎಂದರು. ತಾಯಿ ಉಳಿದ ನೀರನ್ನೆಲ್ಲ ನನ್ನ ಮೇಲೆ ಸುರಿದು, ಸೆರಗಿನಿಂದ ಒರೆಸಿ, ಅಲ್ಲೇ ಕೂತು ಅತ್ತರು. ಆ ನೀರು ಉಕ್ಕಿನ ಕೀಲಿನೊಳಗೆ ಇಳಿಯಿತು. ಅಂದಿನಿಂದ ನಾನು ನಡೆದರೆ ಖಟ್ ಎನ್ನತೊಡಗಿದೆ.

ಪಿಂಚಣಿ ತಿನ್ನುತ್ತ ಕಟ್ಟೆಯ ಮೇಲೆ ಕೂರುವ ವಯಸ್ಸಲ್ಲ ಎಂದು ಅವರು ಧಾರವಾಡಕ್ಕೆ ಹೋಗಿ ಕಾನೂನು ಓದಿದರು. ಓದು ಮುಗಿಯುವ ಹೊತ್ತಿಗೆ ಹೆಣ್ಣು ನೋಡುವ ಶಾಸ್ತ್ರ ಬಂತು. ಚಹಾ ಕುಡಿದಾದ ಮೇಲೆ ಅವರು ಪಟ್ಟಿ ಬಿಚ್ಚಿ, ನನ್ನನ್ನು ತೆಗೆದು ಜಮಖಾನದ ಮೇಲೆ ಹುಡುಗಿಯ ಮುಂದೆ ಇಟ್ಟು, ಇದನ್ನೂ ನೋಡಿ ಹೇಳ್ರಿ ಎಂದರು. ಹಿರಿಯರೆಲ್ಲ ಮುಖ ಆಚೆ ತಿರುಗಿಸಿದರು. ಹುಡುಗಿ ನೀಲವ್ವ ತಿರುಗಿಸಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಲಗುವಾಗ ಇದನ್ನ ಎಲ್ಲಿ ಇಡತೀರಿ, ಇಲಿ ತೊಗಲು ಕಡಿಯೂದಿಲ್ಲೇನು ಎಂದು ಕೇಳಿದಳು. ಮದುವೆಯಾಯಿತು. ಮಕ್ಕಳಾಗಲಿಲ್ಲ. ಜೋಳದ ಚೀಲಗಳ ಮೇಲೆ, ಇಲಿಗೆ ಎಟುಕದಷ್ಟು ಎತ್ತರದಲ್ಲಿ ಅವಳು ನನಗೊಂದು ಗೂಟ ಬಡಿಸಿದಳು.

ಗುಡಗನಟ್ಟಿಯ ಕೋರ್ಟು ಹಂಚಿನ ಕಟ್ಟಡ, ಕಲ್ಲುಹಾಸಿನ ಪಡಸಾಲೆ. ಆ ಕಲ್ಲಿನ ಮೇಲೆ ನನ್ನ ಸದ್ದು ಮೂರು ಕೋಣೆ ದಾಟಿ ಕೇಳುತ್ತಿತ್ತು. ಹೀಗೆ ಅಡಿವೆಪ್ಪ ಉಳ್ಳಾಗಡ್ಡಿ ಎಂಬ ಹೆಸರು ಬೋರ್ಡಿನ ಮೇಲೆ ಉಳಿದು, ಜನರ ಬಾಯಲ್ಲಿ ಅವರು ಖಟ್‌ಖಟ್ ವಕೀಲರಾದರು. ಕೋರ್ಟಿನ ಗೇಟಿಗೆ ಬೇವಿನ ಗಿಡವಿತ್ತು. ಅದರ ಬುಡದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸಮಗಾರ ಓಣಿಯ ಮಾಯವ್ವ, ಎಣ್ಣೆ ಬಿಟ್ಟರೆ ಈ ಸದ್ದು ನಿಲ್ಲುತ್ತದೆ ಎಂದು ಒಮ್ಮೆ ಹೇಳಿದಳು. ಬ್ಯಾಡ ಮಾಯವ್ವ, ನಾ ಬರೂದು ಮೊದಲ ಗೊತ್ತಾಗಲಿ, ಸುಳ್ಳಸಾಕ್ಷಿ ಹೇಳಾವರು ನೀರ ಕುಡದು ಸುಧಾರಿಸ್ಕೋಲಿ ಎಂದರು ವಕೀಲರು.

ಅವರ ಕಚೇರಿಗೆ ಬರುವವರ ಮುಖ ನಾನು ಕಂಡದ್ದು ಕಡಿಮೆ. ಕಂಡದ್ದು ಪಾದಗಳನ್ನು. ಯುದ್ಧದಲ್ಲಿ ಗಂಡ ಸತ್ತು ಪಿಂಚಣಿ ನಿಂತುಹೋದ ಹೆಂಗಸರ ಪಾದ, ಕೂಲಿ ಸಿಗದ ಹಮಾಲರ ಪಾದ, ನಿವೃತ್ತನಾಗಿ ಬಂದು ಊರಿಗೇ ಪರಕೀಯನಾದ ಸಿಪಾಯಿಯ ಪಾದ. ಅವು ಬಾಗಿಲಲ್ಲಿ ಹಿಂಜರಿದು ನಿಲ್ಲುತ್ತಿದ್ದವು. ಹೋಗುವಾಗ ನೆಲದ ಮೇಲೆ ಚೆನ್ನಾಗಿ ಊರುತ್ತಿದ್ದವು. ಫೀ ಎಷ್ಟೆಂದು ಕೇಳಿದರೆ ವಕೀಲರು, ಅರ್ಧ ಕಾಲಿನವಗ ಅರ್ಧ ಫೀ ಸಾಕು ಎನ್ನುತ್ತಿದ್ದರು. ಆ ಅರ್ಧವೂ ಬಹಳ ಸಲ ಬದನೆಕಾಯಿಯಾಗಿ, ಹಸಿಕಡಲೆಯಾಗಿ ಬರುತ್ತಿತ್ತು. ಎದುರು ಪಾರ್ಟಿಯವರು ಮಾತ್ರ, ಆ ಕಡೆ ಈರುಳ್ಳಿಗಿರುವ ಹೆಸರೇ ಆದ ಅವರ ಅಡ್ಡಹೆಸರು ಹಿಡಿದು ಆಡಿಕೊಳ್ಳುತ್ತಿದ್ದರು: ಉಳ್ಳಾಗಡ್ಡಿ ಹೆಚ್ಚಾಕ ಹೋದ್ರ ಹೆಚ್ಚಿದವನ ಕಣ್ಣಾಗ ನೀರು.

ಮಾಯವ್ವನ ಮುಖವನ್ನು ಮಾತ್ರ ನಾನು ನೇರವಾಗಿ ಕಂಡಿದ್ದೇನೆ. ಅವಳು ನೆಲದ ಮೇಲೆ ಕೂರುವವಳು, ನನ್ನ ಎತ್ತರಕ್ಕೆ ಅವಳ ಕಣ್ಣು ಬರುತ್ತಿತ್ತು. ನನ್ನ ತೊಗಲು ಸವೆದರೆ, ಪಟ್ಟಿ ಕಿತ್ತರೆ, ಪಾದದ ರಬ್ಬರು ಬಿರಿದರೆ ಅವಳೇ ವೈದ್ಯೆ. ಒಂದು ಮಧ್ಯಾಹ್ನ ಅವಳು ಗೇಟಿನ ಗಿಡ ಬಿಟ್ಟು ಕಚೇರಿಯ ಒಳಗೇ ಬಂದಳು. ಸೆರಗಿನ ತುದಿಯಲ್ಲಿ ಏನೋ ಕಟ್ಟಿಕೊಂಡಿದ್ದಳು. ಬಿಚ್ಚಿದಳು. ಮಣ್ಣು ಮೆತ್ತಿದ ಒಂದು ತಾಮ್ರದ ತಾಯತ.

"ಇದು ನನ್ನ ಗಂಡನ ತೋಳಾಗಿಂದ್ರಿ" ಎಂದಳು. "ಮಣ್ಣ ಮಾಡೂ ಮುಂದ ನಾನಾ ಕಟ್ಟಿದ್ದೆ. ಇವತ್ತ ನೇಗಿಲ ಸಾಲಿನಾಗ ಬಿದ್ದಿತ್ತು."

ಊರ ಹೊರಗೆ, ಹಳ್ಳದ ಈಚೆಗೆ, ಸಮಗಾರ ಓಣಿಯವರು ಅಜ್ಜ ಮುತ್ತಜ್ಜರ ಕಾಲದಿಂದ ತಮ್ಮವರನ್ನು ಮಣ್ಣು ಮಾಡುತ್ತ ಬಂದ ಒಂದು ತುಂಡು ನೆಲವಿದೆ. ಗೋರಿ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ತಲೆಯ ಕಡೆ ಒಂದು ಕರಿಕಲ್ಲು, ನಾಯಿ ನರಿ ಕೆದರದಂತೆ ಮೇಲೆ ಜಾಲಿಮುಳ್ಳಿನ ಟೊಂಗೆ, ಇಷ್ಟೇ ಗುರುತು. ಅದರ ಪಕ್ಕದ ಹೊಲ ಬಾಪುಗೌಡರದು. ಹೊಸ ಬೈಪಾಸ್ ರಸ್ತೆ ಆ ಕಡೆಗೇ ಬರುತ್ತದೆ ಎಂದು ಸುದ್ದಿಯಾದಾಗ ಬಾಪುಗೌಡರಿಗೆ ಆ ನೆಲವೂ ತಮ್ಮ ಹಿರಿಯರದೇ ಎಂದು ನೆನಪಾಯಿತು. ಟ್ರ್ಯಾಕ್ಟರು ಇಳಿಸಿದರು. ಕರಿಕಲ್ಲುಗಳನ್ನು ಹೊಲದ ಅಂಚಿನ ಒಡ್ಡಿಗೆ ಎಸೆದರು.

ವಕೀಲರು ಆ ತಾಯತವನ್ನು ಮಣ್ಣು ಒರೆಸದೆ ಹಾಗೇ ಕಾಗದದಲ್ಲಿ ಸುತ್ತಿಟ್ಟರು. ಮಾಯವ್ವನಿಗೆ ಬೇರೇನೂ ಬೇಡವಾಗಿತ್ತು. ಗಂಡನ ಬಾಜೂ ತನಗೊಂದು ಆಳು ಮಲಗುವಷ್ಟು ಜಾಗ ಉಳಿಯಬೇಕು, ಅಷ್ಟೇ ಎಂದಳು. ಮರುದಿನ ದಾವೆ ದಾಖಲಾಯಿತು.

ತೀರ್ಪು ಬರುವವರೆಗೆ ಆ ನೆಲವನ್ನು ಯಾರೂ ಉಳಬಾರದು, ಯಾರೂ ಅಲ್ಲಿ ಶವ ಹೂಳಬಾರದು ಎಂದು ನ್ಯಾಯಾಧೀಶರು ಆದೇಶ ಮಾಡಿದರು. ಓಣಿಯವರು ಆದೇಶ ಪಾಲಿಸಿದರು. ಸತ್ತವರನ್ನು ಹೊತ್ತು ಹಳ್ಳ ದಾಟಿ ಗುಡ್ಡದ ಬುಡದ ಕಲ್ಲುನೆಲಕ್ಕೆ ಹೋಗತೊಡಗಿದರು. ಬಾಪುಗೌಡರ ಟ್ರ್ಯಾಕ್ಟರು ಮಾತ್ರ ಪ್ರತಿ ಬಿತ್ತಿಗೆಯ ಕಾಲಕ್ಕೂ ಒಂದೊಂದೇ ಸಾಲು ಒಳಗೆ ಬರುತ್ತಿತ್ತು. ಒಂದು ಸಾಲಿಗೆ ಯಾರು ಜಗಳ ತೆಗೆಯುತ್ತಾರೆ. ದೂರು ಕೊಟ್ಟರೆ, ಎತ್ತಿನ ಕಾಲದಿಂದ ಒಡ್ಡು ಅಲ್ಲೇ ಇತ್ತು ಎಂದು ಹೇಳಲು ಹತ್ತು ಜನ ಸಿಗುತ್ತಿದ್ದರು. ವರ್ಷಗಳು ಹೋದವು. ಮುಳ್ಳಿನ ಟೊಂಗೆಗಳ ನೆಲ ನೋಡುನೋಡುತ್ತ ಸಣ್ಣದಾಯಿತು.

ಬಾಪುಗೌಡರು ನಮ್ಮ ಮನೆಗೆ ಆಗಾಗ ಬರುತ್ತಿದ್ದರು. ದೂರದ ಸಂಬಂಧ. ನೀಲವ್ವನಿಗೆ ತಂಗಿ ಎನ್ನುತ್ತಿದ್ದರು. ಎಂದೂ ದನಿ ಏರಿಸಿದವರಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಎದ್ದು ನಿಂತು ಹೇಳಿದರು: "ಅಡಿವೆಪ್ಪಣ್ಣಾ, ಇರೂದು ಒಂದ ಕಾಲು. ನೋಡಿ ಇಡಪಾ."

ವಕೀಲರು ನಕ್ಕರು. ಬಟ್ಟಲು ತೆಗೆಯಲು ಬಂದ ನೀಲವ್ವ ನಗಲಿಲ್ಲ. ಆ ದಿನದಿಂದ ಅವಳು ಆ ಕೇಸು ಬಿಡಿ ಎಂದು ಹೇಳುತ್ತಲೇ ಬಂದಳು. ಸಮಗಾರ ಓಣಿ, ಹಳ್ಳ, ಮಣ್ಣು ಎಂಬ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಈ ಹೊತ್ತಿಗೆ ವಕೀಲರ ಮೈಗೆ ಸಕ್ಕರೆ ಕಾಯಿಲೆ ಇಳಿದಿತ್ತು. ನನಗೆ ಅದು ಎಡಗಾಲಿನಿಂದ ತಿಳಿಯಿತು. ಮೊದಲೆಲ್ಲ ಬಿಸಿಲಿಗೆ ಕಾದ ಕಲ್ಲು ಮುಟ್ಟಿದರೆ ಅದು ಹಾರಿಬೀಳುತ್ತಿತ್ತು. ಈಗ ಸುಮ್ಮನೆ ನಿಂತಿರುತ್ತಿತ್ತು. ಇರುವೆ ಕಚ್ಚಿದರೂ ಬೆರಳು ಅಲುಗುತ್ತಿರಲಿಲ್ಲ. ಅದು ನನ್ನಂತೆ ಆಗುತ್ತ ಬಂತು. ಜೊತೆಯವನು ನನ್ನಂತಾಗುವುದನ್ನು ನೋಡಿ ನಾನು ಹೆದರಿದೆ.

ನೆಲವನ್ನು ಕಣ್ಣಾರೆ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರರನ್ನು ಕಳಿಸಿತು. ಅವರ ಹಿಂದೆ ಎರಡೂ ಕಡೆಯ ವಕೀಲರು, ಸರ್ವೇಯವರು, ಬಾಪುಗೌಡರ ಮಂದಿ. ಎಲ್ಲರ ಕಾಲಲ್ಲೂ ಬೂಟು. ಒಡ್ಡಿನ ಹತ್ತಿರ ನಮ್ಮ ಒಡೆಯರು ನಿಂತು, ಎಡಗಾಲಿನ ಬೂಟು ಬಿಚ್ಚಿದರು, ಬಗ್ಗಿ ನನ್ನದನ್ನೂ ಬಿಚ್ಚಿದರು. ಯಾಕೆಂದು ಕಮಿಷನರರು ಕೇಳಿದ್ದಕ್ಕೆ, ಮಲಗಿದವರ ಎದಿ ಮ್ಯಾಲ ಬೂಟ ಹಾಕ್ಕೊಂಡು ಅಡ್ಡಾಡೂದು ನಮ್ಮ ಕಡೆ ಇಲ್ಲರಿ ಎಂದರು. ಹೀಗೆ ನಾವಿಬ್ಬರೂ ಬರಿಗಾಲಲ್ಲಿ ಆ ನೆಲಕ್ಕೆ ಇಳಿದೆವು.

ಇಲ್ಲಿದು ಯಾರ ಮಣ್ಣು, ಅಲ್ಲಿದು ಯಾರ ಮಣ್ಣು ಎಂದು ಮಾಯವ್ವ ಮುಂದೆ ಮುಂದೆ ತೋರಿಸುತ್ತಿದ್ದಳು. ಒಣಗಿದ ಜಾಲಿಯ ಟೊಂಗೆಯೊಂದು ಮಣ್ಣಲ್ಲಿ ಅರ್ಧ ಮುಚ್ಚಿಹೋಗಿತ್ತು. ಅದರ ಮೇಲೆ ನಾವಿಬ್ಬರೂ ಒಂದರ ಹಿಂದೊಂದು ಹೆಜ್ಜೆ ಇಟ್ಟೆವು. ಒಂದು ಮುಳ್ಳು ನನ್ನ ರಬ್ಬರಿಗೆ ನೆಟ್ಟಿತು. ಇನ್ನೊಂದು ಎಡಗಾಲಿನ ಹೆಬ್ಬೆರಳ ಬುಡಕ್ಕೆ ಪೂರ್ತಿ ಇಳಿಯಿತು. ವಕೀಲರಿಗೆ ಕಂಡದ್ದು ನನ್ನ ಮುಳ್ಳು. ಮಾಯವ್ವನ ಹೆಗಲಿಗೆ ಕೈಕೊಟ್ಟು ನನ್ನನ್ನು ಎತ್ತಿ ಅದನ್ನು ಕಿತ್ತು, "ನೋಡ್ರಿ, ಈ ಕಾಲಿಗೆ ಸತ್ತರೂ ನೋವಿಲ್ಲ" ಎಂದರು. ಎಲ್ಲರೂ ನಕ್ಕರು. ಎಡಗಾಲು ಏನೂ ಹೇಳಲಿಲ್ಲ. ಹೇಳುವ ಶಕ್ತಿ ಅದಕ್ಕೆ ಹೋಗಿತ್ತು. ಅದರ ಪಾದದ ಅಡಿಯಲ್ಲಿ ಇದ್ದದ್ದು ನನಗೊಬ್ಬನಿಗೆ ಗೊತ್ತಿತ್ತು, ನನಗೆ ಮೊದಲಿನಿಂದಲೂ ಬಾಯಿಲ್ಲ.

ಆ ಕಡೆಯ ಮಾತಿನಲ್ಲಿ ಕಾಲಿಗೂ ಕಾಲ ಎನ್ನುತ್ತಾರೆ, ಜೀವ ಒಯ್ಯಲು ಬರುವವನಿಗೂ ಕಾಲ ಎನ್ನುತ್ತಾರೆ. ಎರಡೂ ಒಂದೇ ಮನೆಯಲ್ಲಿ ವಾಸವಾಗಿದ್ದು ಅಂದಿನಿಂದ.

ಮೊದಲು ಬೆರಳು ಕೆಂಪಾಯಿತು. ಆಮೇಲೆ ನೇರಳೆಹಣ್ಣಿನ ಬಣ್ಣ. ನೀಲವ್ವ ಒಂದು ಮುಂಜಾನೆ ನನ್ನ ಪಟ್ಟಿ ಕಟ್ಟಿಕೊಡಲು ಬಗ್ಗಿದವಳು ಮೂಗು ಮುಚ್ಚಿಕೊಂಡು, ಇಲಿ ಎಲ್ಲೋ ಸತ್ತೈತಿ ಎಂದು ಜೋಳದ ಚೀಲ ಎಲ್ಲ ಸರಿಸಿ ಹುಡುಕಿದಳು. ಇಲಿ ಸಿಗಲಿಲ್ಲ. ಮರುದಿನ ಕಾಲುಚೀಲ ಬಿಚ್ಚುವಾಗ ತಿಳಿಯಿತು. ಬೆಳಗಾವಿಯ ಡಾಕ್ಟರು, ಇವತ್ತೇ ದಾಖಲಾದರೆ ಬೆರಳಿಗೆ ಮುಗಿಯುತ್ತದೆ, ತಡ ಮಾಡಿದರೆ ಪಾದ, ಮತ್ತೂ ತಡ ಮಾಡಿದರೆ ಹೇಳಲಾರೆ ಎಂದರು.

ಆದರೆ ಕೇಸಿನ ಕೊನೆಯ ವಾದ ಅದೇ ವಾರ ಇತ್ತು. ಇಷ್ಟು ವರ್ಷ ಕೇಸು ಕೇಳಿದ ನ್ಯಾಯಾಧೀಶರಿಗೆ ವರ್ಗವಾಗುವ ಸುದ್ದಿಯೂ ಇತ್ತು. ಅವರು ಹೋದರೆ ಹೊಸಬರು ಬಂದು ಮತ್ತೆ ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಟ್ರ್ಯಾಕ್ಟರು ಉಳಿದ ಸಾಲುಗಳನ್ನೂ ಮುಗಿಸುತ್ತದೆ. ವಾದ ಮುಗಿಸಿ ಬರತೇನಿ ಎಂದು ವಕೀಲರು ಡಾಕ್ಟರಿಗೆ ಕೈಮುಗಿದರು.

"ಸತ್ತವರ ಸಲುವಾಗಿ ಇದ್ದವರನ್ನ ಕೊಲ್ಲಬ್ಯಾಡ್ರಿ" ಎಂದಳು ನೀಲವ್ವ. ಮದುವೆಯಾದಂದಿನಿಂದ ಅವಳು ಅವರೆದುರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ವಕೀಲರು ತಲೆ ತಗ್ಗಿಸಿ ನನ್ನ ಬಕಲು ಬಿಗಿದರು. "ಇದ್ದವರಿಗೆ ಭಾಳ ಮಂದಿ ವಕೀಲ್ರು ಅದಾರ, ನೀಲಾ" ಎಂದರು.

ವಾದದ ದಿನಗಳಲ್ಲಿ ಎಡಗಾಲು ನೆಲಕ್ಕೆ ಬರೀ ತಾಗುತ್ತಿತ್ತು. ಭಾರವೆಲ್ಲ ನನ್ನದೇ. ಮರದ ಎಳೆ ಎಳೆ ಬಿಗಿದು ನಿಂತೆ. ಬಟ್ಟೆ ಸುತ್ತಿದ ಪಕ್ಕದ ಕಾಲಿನಿಂದ ಬರುತ್ತಿದ್ದ ವಾಸನೆಗೆ ಗುಮಾಸ್ತ ಕುರ್ಚಿ ಹಿಂದೆ ಸರಿಸಿಕೊಂಡ. ವಕೀಲರು ಕೂರಲಿಲ್ಲ. ತಾಯತ ತೋರಿಸಿದರು, ಒಡ್ಡಿನ ಕಲ್ಲುಗಳ ಮಾತು ಹೇಳಿದರು, ಕಮಿಷನರರ ವರದಿ ಸಾಲು ಸಾಲಾಗಿ ಓದಿದರು. ತೀರ್ಪು ಕಾದಿರಿಸಲಾಗಿದೆ ಎಂದು ಸಾಹೇಬರು ಹೇಳಿದ ಮೇಲೆ ಪಡಸಾಲೆಗೆ ಬಂದು, ಕಂಬ ಹಿಡಿದು, ಹಾಗೇ ಕುಸಿದರು.

ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ಎಚ್ಚರ ಬಂದ ಮೇಲೆ ಅವರು ಕೇಳಿದ ಮೊದಲ ಮಾತು, ಕಾಲು ಎಲ್ಲೈತಿ ಎಂದು. ಆಸ್ಪತ್ರೆಯವರು ಸುಡಲು ಕಳಿಸುವವರಿದ್ದರು. ಅದನ್ನು ತಡೆದು, ಬಟ್ಟೆಯಲ್ಲಿ ಸುತ್ತಿಸಿ, ಇಟ್ಟಿರಲು ಹೇಳಿದರು. ಮಾಯವ್ವನಿಗೆ ಹೇಳಿಕಳಿಸಿದರು. ಅವಳು ಬಂದು ಮಂಚದ ಕೆಳಗೆ ಕೂತಳು. ಆ ಕಾಲನ್ನು ಅವಳ ಗಂಡನ ಬಾಜೂ, ಅದೇ ನೆಲದಲ್ಲಿ ಹೂಳಬೇಕು ಎಂದು ಅವರು ಹೇಳಿದಾಗ ಅವಳು ಬೆಚ್ಚಿದಳು. ಆದೇಶ ಇದೆಯಲ್ಲ ಎಂದಳು.

"ಆದೇಶದಾಗ ಶವ ಹೂಳಬಾರದು ಅಂತೈತಿ" ಎಂದರು ವಕೀಲರು. "ಕಾಲು ಶವ ಅಲ್ಲ."

"ಬ್ಯಾಡ್ರಿ ಯಪ್ಪಾ. ಕಾಲು ಮುಂದ ಹೋದ್ರ ಮೈ ಹಿಂದ ಬರತೈತಿ ಅಂತಾರ ನಮ್ಮ ಹಿರ್ಯಾರು."

"ನಂದೊಂದು ಕಾಲು ಲಂಕಾಕ್ಕ ಹೋಗಿ ಮೂವತ್ತ ವರ್ಷ ಆತು. ಮೈ ಇನ್ನೂ ಇಲ್ಲೇ ಕುಂತೈತಲ್ಲ."

ನನ್ನ ಜೋಡಿಯನ್ನು ಮಣ್ಣು ಮಾಡಿದ್ದು ಒಂದು ಮಧ್ಯಾಹ್ನ. ವಕೀಲರು ಜೀಪಿನಲ್ಲಿ ಕೂತೇ ನೋಡಿದರು. ಕಟ್ಟಿಕೊಂಡು ನಿಲ್ಲುವ ಹಾಗಿರಲಿಲ್ಲ, ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಷ್ಟು ಎತ್ತರದಿಂದ ನಾನು ಆ ನೆಲವನ್ನು ನೋಡಿದ್ದು ಅದೇ ಮೊದಲು. ಓಣಿಯ ಮಂದಿ ಒಂದು ಮೊಳದ ಗುಂಡಿ ತೋಡಿ, ಕರಿಕಲ್ಲು ನಿಲ್ಲಿಸಿ, ಮೇಲೆ ಜಾಲಿಯ ಟೊಂಗೆ ಹೊದಿಸಿದರು. ನೀಲವ್ವ ಜೀಪಿನಿಂದ ಇಳಿಯಲಿಲ್ಲ. ಆ ಕಡೆ ನೋಡಲೂ ಇಲ್ಲ.

ಬಾಪುಗೌಡರು ಕೋರ್ಟಿಗೆ ಹೋದರು. ಆದೇಶ ಮುರಿದಿದ್ದಾರೆ, ಕಾಲನ್ನು ತೆಗೆಸಬೇಕು ಎಂದರು. ವಕೀಲರನ್ನು ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದರು. "ಕಾಲಿನವ ಇಲ್ಲೇ ಕುಂತೇನಿ, ಉಸುರಾಡಲಿಕತ್ತೇನಿ. ಅದು ಶವ ಆದ್ರ ನಾ ಏನ್ರಿ" ಎಂದರು ಅವರು. ನ್ಯಾಯಾಧೀಶರಿಗೂ ನಗು ಬಂತು. ಕೊನೆಗೆ, ಈಗ ಹೇಗಿದೆಯೋ ಹಾಗೇ ಇರಲಿ, ಆ ಕಾಲನ್ನು ತೆಗೆಯಬೇಕೆಂದು ವಕೀಲರಾಗಲಿ ಅವರ ಮನೆಯವರಾಗಲಿ ಕೇಳಿದರೆ ಮಾತ್ರ ತೆಗೆಯಬಹುದು, ಬೇರೆ ಯಾರೂ ಮುಟ್ಟಕೂಡದು ಎಂದು ಬರೆಸಿದರು.

ಬಿತ್ತಿಗೆ ಬಂತು. ಟ್ರ್ಯಾಕ್ಟರು ಒಡ್ಡಿನವರೆಗೆ ಬಂದು ನಿಂತಿತು. ಹೊಡೆಯುವವನು ಬಾಪುಗೌಡರ ಸ್ವಂತ ಜಾತಿಯವನೇ. ಕೆಳಗಿಳಿದು, ನಮ್ಮ ಮಿಲ್ಟ್ರಿ ಸಾಹೇಬ್ರ ಕಾಲಿನ ಮ್ಯಾಲ ನಾ ಟ್ರ್ಯಾಕ್ಟರ್ ಹಾಯಿಸೂದಿಲ್ಲ ಎಂದನಂತೆ. ಬೇರೆ ಇಬ್ಬರನ್ನು ಕರೆದರು, ಅವರೂ ಒಲ್ಲೆ ಎಂದರು. ಈ ಸುದ್ದಿ ಹೇಳಲು ಮಾಯವ್ವ ಮನೆಗೆ ಬಂದಳು. ವಕೀಲರು ಗೆದ್ದವರಂತೆ ನಕ್ಕರು. ಅವಳು ನಗಲಿಲ್ಲ. ಮಾತಿಗೆ ತಡಕಾಡಿ ಹೇಳಿದಳು:

"ನಮ್ಮವರು ಅಷ್ಟ ಮಂದಿ ಮಲಗಿದ್ರು, ಯಪ್ಪಾ. ಟ್ರ್ಯಾಕ್ಟರ್ ನಿಲ್ಲಲಿಲ್ಲ. ನಿಮ್ಮ ಒಂದ ಕಾಲಿಗೆ ನಿಂತತಿ."

ಅವಳು ಹೋದ ಮೇಲೂ ನಮ್ಮ ಒಡೆಯರು ಬಾಗಿಲ ಕಡೆ ನೋಡುತ್ತಲೇ ಇದ್ದರು.

ಗಾಯ ಮಾಯಲಿಲ್ಲ. ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಗೂಟದ ಮೇಲಿಂದ ನಾನು ಅವರ ಮಂಚ ನೋಡುತ್ತಿದ್ದೆ. ತೀರ್ಪು ಬಂತೇನು ಎಂದು ದಿನಾ ಕೇಳುತ್ತಿದ್ದರು. ಇನ್ನೂ ಇಲ್ರಿ ಎನ್ನುತ್ತಿದ್ದಳು ನೀಲವ್ವ. ಕೇಳುವುದು ನಿಂತ ದಿನ ಅವಳು ದೀಪ ಹಚ್ಚಿಟ್ಟು ಹೊರಗೆ ಹೋಗಿ ಬಾಗಿಲಲ್ಲಿ ಕೂತಳು.

ಅವರ ಪದ್ಧತಿಯಂತೆ ದೇಹಕ್ಕೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದರು. ನಿವೃತ್ತ ಸೈನಿಕರು ಬಂದು ಬಾವುಟ ಹೊದಿಸಿ, ಸೆಟೆದು ನಿಂತು ಸಲಾಮು ಹೊಡೆದರು. ಕರಿಕೋಟಿನವರು ಕೆಲಸ ನಿಲ್ಲಿಸಿ ಬಂದರು. ಪಿಂಚಣಿಯ ಹೆಂಗಸರು, ಹಮಾಲರು, ಊರಿನ ಸಮಸ್ತರು. ಒಬ್ಬೊಬ್ಬರೂ ಒಂದೊಂದು ಮಾತು ಆಡಿದರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವರು ಬಾಪುಗೌಡರು. ದೇಶಕ್ಕ ಒಂದು ಕಾಲು ಕೊಟ್ಟ, ಬಡವರಿಗೆ ಒಂದು ಕಾಲು ಕೊಟ್ಟ, ಇಂಥ ಮಗ ಊರಿಗೆ ಇನ್ನೊಮ್ಮೆ ಹುಟ್ಟೂದಿಲ್ಲ ಎಂದರು. ಜನ ಅತ್ತರು. ಅವರೂ ಅತ್ತರು.

ಕಣ್ಣು ಒರೆಸಿಕೊಂಡು, ದನಿ ತಗ್ಗಿಸಿ, ಇನ್ನೊಂದು ಮಾತು ಸೇರಿಸಿದರು. ಇಂಥ ಪುಣ್ಯಾತ್ಮ ಶಿವನ ಪಾದಕ್ಕೆ ಕಾಲಿಲ್ಲದೆ ಹೋಗಬಾರದು. ಆ ಎಡಗಾಲನ್ನು ಗೌರವದಿಂದ ತಂದು ಮೈ ಜೋಡಿ ಇಡೋಣ. ಗಾಡಿ ತಯಾರಿದೆ, ಗುದ್ದಲಿ ಹಿಡಿದವರೂ ತಯಾರಿದ್ದಾರೆ, ಕೋರ್ಟಿಗೆ ಕೇಳಿಕೊಳ್ಳುವುದನ್ನು ಇವತ್ತೇ ಮುಗಿಸಿಕೊಡುತ್ತೇನೆ. ತಂಗಿ ಒಂದು ಹೂಂ ಅಂದರೆ ಸಾಕು.

ಹಿರಿಯರು ತಲೆದೂಗಿದರು. ಸರಿ ಐತಿ, ಅದು ಧರ್ಮ ಎಂದರು. ಗುಂಪಿನ ತುದಿಯಲ್ಲಿ, ಬೇರೆಯಾಗಿ ನಿಂತಿದ್ದ ಮಾಯವ್ವ ನೆಲ ನೋಡುತ್ತಿದ್ದಳು. ಆ ಕಾಲು ಅಲ್ಲಿಂದ ಎದ್ದರೆ ಟ್ರ್ಯಾಕ್ಟರಿಗೆ ಅಡ್ಡ ಇನ್ನೇನೂ ಉಳಿಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಬಾಪುಗೌಡರಿಗೂ ಗೊತ್ತಿತ್ತು. ನೀಲವ್ವನಿಗೆ ಗೊತ್ತಿತ್ತೋ ಇಲ್ಲವೋ. ಆ ಕೇಸು ತನ್ನ ಗಂಡನನ್ನು ತಿಂದಿತು ಎಂದು ಅವಳು ಆ ಬೆಳಗಿನಿಂದ ಎಷ್ಟು ಸಲ ಅತ್ತಿದ್ದಳೋ. ಒಳಗೆ ಗೂಟದ ಮೇಲೆ ತೂಗುತ್ತ ನಾನು ತೆರೆದ ಬಾಗಿಲಿನಿಂದ ನೋಡುತ್ತಿದ್ದೆ. ಅವಳು ಹೂಂ ಎನ್ನುತ್ತಾಳೆ ಎಂದೇ ನನಗನ್ನಿಸಿತು.

ಅವಳು ಎದ್ದು ಒಳಗೆ ಬಂದಳು. ಚೀಲದ ಮೇಲೆ ಹತ್ತಿ ನನ್ನನ್ನು ಇಳಿಸಿಕೊಂಡಳು. ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದಳು.

"ಅದನ್ನ ಅವರು ಅಲ್ಲಿ ಮರತು ಬಿಟ್ಟು ಬಂದಿಲ್ಲ. ತಿಳದು ಇಟ್ಟಾರ" ಎಂದಳು. "ಅದು ಅಲ್ಲೇ ಇರಲಿ. ಮೈ ಜೋಡಿ ಕಾಲು ಬೇಕಂದ್ರ ಇದನ್ನ ಇಡ್ರಿ."

ವಿಧಿ ಮಾಡಿಸುತ್ತಿದ್ದ ಅಯ್ಯನವರು, ತೊಗಲು ಲಿಂಗದ ಹತ್ತಿರ ಬರಬಾರದು ಎಂದು ಅನುಮಾನಿಸಿದರು. ಲಿಂಗ ಅಂಗೈಯಾಗೈತಿ, ಇದನ್ನ ಕೆಳಗ ಇಡ್ರಿ, ಅವರನ್ನ ಇಷ್ಟು ವರ್ಷ ಹೊತ್ತದ್ದು ಇದ ಎಂದಳು ನೀಲವ್ವ. ಅಯ್ಯನವರು ಹೂಂ ಎಂದರು. ಬಾಪುಗೌಡರು ಸಿಟ್ಟಾಗಲಿಲ್ಲ. ಮುಗುಳ್ನಕ್ಕು, "ದುಃಖದಾಗ ಅದಿ ತಂಗಿ. ಇರ್ಲಿ. ಸಾವಕಾಶ ಮಾತಾಡೋಣು" ಎಂದರು.

ಹೀಗೆ ನಾನು ಇಲ್ಲಿಗೆ ಬಂದೆ. ಇದು ನಮ್ಮ ಹೊಲದ ಬೇವಿನ ಗಿಡದ ಕೆಳಗಿನ ಮಣ್ಣು. ಮೇಲೆ ಉಪ್ಪು, ಬಿಲ್ವಪತ್ರಿ, ವಿಭೂತಿ, ಅದರ ಮೇಲೆ ಎರೆಮಣ್ಣು. ಒಡೆಯರು ಕೂತಿದ್ದಾರೆ, ಅವರ ಮುಂದೆ ನಾನು ಮಲಗಿದ್ದೇನೆ. ನನ್ನ ತೊಗಲು ಮೆತ್ತಗಾಗುತ್ತಿದೆ, ಮರಕ್ಕೆ ಗೆದ್ದಲು ದಾರಿ ಕಂಡುಕೊಂಡಿದೆ, ಕೀಲು ಪೂರ್ತಿ ತುಕ್ಕು ಹಿಡಿದು ಮಾತು ಬಿಟ್ಟಿದೆ. ನನಗೆ ಅದರ ದುಃಖವಿಲ್ಲ. ನೋವಿಲ್ಲದ ಕಾಲು ಎಂದು ಅವರು ನನ್ನನ್ನು ತೋರಿಸಿ ನಕ್ಕಿದ್ದರು. ನೋವು ತಿಳಿಯದಿರುವುದು ಎಷ್ಟು ಭಯದ ಸಂಗತಿ ಎಂದು ನಾನು ಅವರ ಪಕ್ಕದಲ್ಲೇ ಕಲಿತೆ. ಕಾಲಿಗೆ ಹೇಗೋ ಊರಿಗೂ ಹಾಗೆಯೇ ಇರಬೇಕು.

ತೀರ್ಪು ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ನೀಲವ್ವ ಬುತ್ತಿ ತಂದು ಮೇಲಿಟ್ಟು ಸ್ವಲ್ಪ ಹೊತ್ತು ಕೂರುತ್ತಾಳೆ. ಅವಳ ಬರಿಗಾಲು ಮಣ್ಣಿಗೆ ತಾಗುವುದು ನನಗೆ ತಿಳಿಯುತ್ತದೆ. ಅವಳ ಹಿಂದೆ ಇನ್ನೊಂದು ನಡಿಗೆ ಬರುತ್ತದೆ, ಕರ್ ಕರ್ ಎನ್ನುವ ಚಪ್ಪಲಿ, ಅವಸರವಿಲ್ಲದ ನಡಿಗೆ. ಅವರು ತಂಗಿ ಎಂದು ಶುರುಮಾಡಿ ಮೆಲ್ಲಗೆ ಬಹಳ ಹೊತ್ತು ಮಾತಾಡುತ್ತಾರೆ. ಅವಳು ಕೊಡುವ ಉತ್ತರ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಆದರೆ ಮುಂದಿನ ಸೋಮವಾರ ಆ ಚಪ್ಪಲಿ ಮತ್ತೆ ಬಂದಿತೆಂದರೆ ಅವಳು ಇನ್ನೂ ಹೂಂ ಅಂದಿಲ್ಲ ಎಂದು ಅರ್ಥ. ಬರುವ ಸದ್ದಿಗೆ ನಾನು ಹೆದರುವುದಿಲ್ಲ. ಅವಳೊಬ್ಬಳೇ ಬಂದು ಕೂರುವ ಸೋಮವಾರಕ್ಕೆ ಹೆದರುತ್ತೇನೆ.